ಠೇಕಾ ಬಿಡಬೇಡ, ತಮ್ಮಾ

ಬೆಟಗೇರಿ, ಸೋಮವಾರ ರಾತ್ರಿ

ಚಿರಂಜೀವಿ ತಮ್ಮನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಅಪ್ಪನ ಮೊಣಕಾಲು ನೋವು ಈಗ ಹೇಗಿದೆ, ತಿಳಿಸು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅರ್ಧಕ್ಕೇ ‘ಹೂಂ ಕಾಕಾ, ಗೊತ್ತಾತ್ರಿ’ ಅಂದುಬಿಡುತ್ತೀಯ. ಅದಕ್ಕೇ ಈ ಕಾಗದ. ಒಂದು ಕಡೆ ಕೂತು ಓದು.

ಹೋದ ವಾರ ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಸಂಗೀತ ಕೇಳಿದೆ. ಮೂರು ಸಲ ಕೇಳಿದೆ. ಝೂರಿಕ್ ಊರಿನ ನಿಕ್ ಬೆರ್ಟ್ಶ್ ಅಂತ ಪಿಯಾನೊ ನುಡಿಸುವವರು, ತಂಡದ ಹೆಸರು ರೋನಿನ್, ಇದಕ್ಕೆ ‘ಝೆನ್ ಫಂಕ್’ ಅಂತಾರೆ ಅಂತ ನೀನೇ ಬರೆದಿದ್ದೆ. ಅದರ ಕೆಳಗೆ ಇನ್ನೊಂದು ಮಾತೂ ಇತ್ತು. ‘ನಮ್ಮ ಬ್ಯಾಂಡಿನವರು ಇದು ಬೋರು ಅಂತಾರ ಕಾಕಾ. ನನಗೂ ಹಿಂದ ಕುಂತು ಒಂದೇ ಗ್ರೂವ್ ಬಾರಿಸಿ ಬಾರಿಸಿ ಸಾಕಾಗೈತಿ. ಡ್ರಮ್ಸ್ ಬಿಟ್ಟು ಗಿಟಾರ್ ಕಲೀಲೇನು?’ ಈ ಕಾಗದ ಆ ಮಾತಿಗೆ ಉತ್ತರ.

ಮೊದಲ ಸಲ ಕೇಳುವಾಗ ನಾನು ಹಾಡು ಯಾವಾಗ ಶುರು ಆಗುತ್ತದೆ ಅಂತ ಕಾಯುತ್ತಾ ಕೂತೆ. ಐದು ನಿಮಿಷ ಆಯ್ತು, ಹತ್ತು ನಿಮಿಷ ಆಯ್ತು. ಯಾರೂ ಹಾಡಲಿಲ್ಲ. ಪಿಯಾನೊ ಒಂದು ಸಣ್ಣ ತುಣುಕು ಹಿಡಿದು ಅದನ್ನೇ ತಿರುತಿರುಗಿ ನುಡಿಸುತ್ತಿತ್ತು. ಫೋನು ಅಡುಗೆಮನೆಯ ಗೂಡಿನಲ್ಲಿತ್ತು. ನಿಮ್ಮ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಒಂದು ಹೊತ್ತಿನಲ್ಲಿ ನನಗೆ ಆಕೆಯ ಕೈ ಯಾವುದು, ಆ ಡ್ರಮ್ಸು ಯಾವುದು ಅಂತ ಬೇರೆ ಮಾಡಲಿಕ್ಕೆ ಆಗಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದೆ.

ನೀನೂ ಸಣ್ಣಂದಿನಿಂದ ನೋಡಿದ್ದೀಯ. ಆದರೆ ಡ್ರಮ್ಸ್ ಬಾರಿಸುವವನ ಕಣ್ಣಿನಿಂದ ಒಮ್ಮೆ ನೋಡು. ಬಲಗೈ ಬಡಿಯುತ್ತದೆ, ಎಡಗೈ ಅಂಚು ಹಿಡಿದು ತಿರುಗಿಸುತ್ತದೆ. ಉಂಡೆ ದಪ್ಪ ಇರುವಾಗ ಸದ್ದು ಮಂದ. ಅಗಲ ಆದ ಹಾಗೆ ಸದ್ದು ಬಿಗಿ ಆಗುತ್ತದೆ. ಅಂಚಿಗೆ ಬಂದಾಗ ಕೈ ತಾನೇ ಹಗುರ ಆಗುತ್ತದೆ, ಇಲ್ಲದಿದ್ದರೆ ಹರಿಯುತ್ತದೆ. ಬಡಿತ ಮೊದಲಿನಿಂದ ಕೊನೆಯವರೆಗೆ ಅದೇ. ಆದರೆ ಕೈಯ ಕೆಳಗೆ ಹಿಡಿಯಷ್ಟಿದ್ದ ಹಿಟ್ಟು ಹಂಚು ತುಂಬುವ ರೊಟ್ಟಿ ಆಗಿರುತ್ತದೆ. ಅದನ್ನು ಯಾರಾದರೂ ಬೋರು ಅಂತಾರೇನು?

ಎರಡನೇ ಸಲ ಇಯರ್‌ಫೋನ್ ಹಾಕಿಕೊಂಡು, ತೊಡೆಯ ಮೇಲೆ ಎಣಿಸುತ್ತಾ ಕೇಳಿದೆ. ಆಗ ಗುಟ್ಟು ಸಿಕ್ಕಿತು. ಅವರೆಲ್ಲ ಒಂದೇ ಲೆಕ್ಕದಲ್ಲಿ ಇಲ್ಲ ತಮ್ಮಾ. ಒಬ್ಬರ ಆವರ್ತ ಉದ್ದ, ಇನ್ನೊಬ್ಬರದು ಗಿಡ್ಡ. ಒಬ್ಬರು ನಾಲ್ಕು ಎಣಿಸುವಾಗ ಇನ್ನೊಬ್ಬರು ಐದು ಎಣಿಸಿದರೆ ಇಬ್ಬರೂ ಇಪ್ಪತ್ತನೇ ಮಾತ್ರೆ, ಅಂದರೆ ಇಪ್ಪತ್ತನೇ ಎಣಿಕೆ, ಮುಗಿಸಿ ಒಟ್ಟಿಗೆ ಮನೆಗೆ ಬರುತ್ತಾರೆ. ನಡುವೆ ಯಾರೂ ಏನೂ ಬದಲಿಸಿರುವುದಿಲ್ಲ, ಆದರೂ ಪ್ರತಿ ಸುತ್ತೂ ಬೇರೆ ಕೇಳಿಸುತ್ತದೆ. ನಿನ್ನ ಅಜ್ಜನ ಮಗ್ಗ ಹೀಗೇ ಇತ್ತು. ಕಾಲಿನ ತುಳಿತ ಎರಡರ ಲೆಕ್ಕ, ಎಡ-ಬಲ, ಎಡ-ಬಲ. ಚೌಕಳಿ ಸೀರೆಗೆ ಲಾಳಿ ಬದಲಿಸುವುದು ಬೇರೆ ಲೆಕ್ಕ. ನಾನು ಪಕ್ಕದಲ್ಲಿ ಕೂತು ನೂಲಿನ ಕಂಡಿಕೆ ಸುತ್ತುತ್ತಾ ಇದನ್ನು ಕೇಳುತ್ತಲೇ ದೊಡ್ಡವನಾದೆ. ಆ ಪಿಯಾನೊದವರು ಕೆಲವೊಮ್ಮೆ ಒಳಗೆ ಕೈ ಹಾಕಿ ತಂತಿಯನ್ನೇ ಒತ್ತಿ ಹಿಡಿದು ಬಾರಿಸುತ್ತಾರೆ, ಗೊತ್ತಾ? ಸ್ವರ ಸತ್ತು ಬರೀ ಬೋಲು, ಅಂದರೆ ಪೆಟ್ಟಿನ ಸದ್ದು, ಉಳಿಯುತ್ತದೆ, ತಬಲಾದ ಮುಚ್ಚಿದ ಬೋಲಿನ ಹಾಗೆ.

ನೀನು ಅದನ್ನು ಕಳಿಸಿದ್ದು ನಿನಗೆ ಒಳಗೆ ಏನೋ ಮುಟ್ಟಿದ್ದಕ್ಕೇ. ಆಮೇಲೆ ಗೆಳೆಯರ ಮಾತು ಕೇಳಿ ನಿನ್ನ ಕಿವಿಯ ಮೇಲೆ ನೀನೇ ಸಂಶಯಪಟ್ಟೆ. ಹಾಗೆ ಮಾಡಬೇಡ.

ನನ್ನದೊಂದು ತಪ್ಪು ಹೇಳುತ್ತೇನೆ. ಯಾರಿಗೂ ಹೇಳಿದ್ದಿಲ್ಲ. ನನಗಾಗ ಇಪ್ಪತ್ತೆರಡು ವರ್ಷ. ಒಂದು ಊರಿನ ಜಾತ್ರೆಯಲ್ಲಿ ಹಿರಿಯ ಗಾಯಕರೊಬ್ಬರಿಗೆ ತಬಲಾ ಸಾಥ್ ಕೊಡಲು ನನ್ನನ್ನು ಕರೆದಿದ್ದರು. ವಿಲಂಬಿತ ಏಕತಾಲ. ನಮ್ಮ ಸೀಮೆಯಲ್ಲಿ ಅದು ಎಷ್ಟು ಸಾವಕಾಶ ನಡೆಯುತ್ತದೆ ಅಂತ ನಿನಗೆ ಗೊತ್ತು. ಒಂದು ಧಿಂ ಆದ ಮೇಲೆ ಇನ್ನೊಂದು ಧಿಂ ಬರುವಷ್ಟರಲ್ಲಿ ಒಂದು ಗುಟುಕು ಚಹಾ ಕುಡಿಯಬಹುದು. ನನಗೆ ಆ ಖಾಲಿ ಜಾಗ ತಡೆಯಲಿಲ್ಲ. ಕೈ ತಯಾರಿತ್ತು, ಜನ ನೋಡುತ್ತಿದ್ದರು. ಸಂದಿ ಸಿಕ್ಕಲ್ಲೆಲ್ಲ ತಿರಕಿಟ ಅಂತ ಚುರುಕು ಪೆಟ್ಟು ತುಂಬಿದೆ. ಅವರು ಹಾಡುತ್ತಲೇ ಒಮ್ಮೆ ನನ್ನ ಕಡೆ ನೋಡಿದರು. ನಾನು ಅದನ್ನು ಮೆಚ್ಚುಗೆ ಅಂದುಕೊಂಡು ಇನ್ನೂ ಜಾಸ್ತಿ ಮಾಡಿದೆ. ಕಾರ್ಯಕ್ರಮ ಮುಗಿದ ಮೇಲೆ ಹೆಗಲ ಮೇಲೆ ಕೈ ಇಟ್ಟು ಹೇಳಿದರು: ‘ತಮ್ಮಾ, ಕೈ ಛಲೋ ಐತಿ. ಆದರ ನನಗ ಕುಂದ್ರಾಕ ಜಾಗಾನ ಬಿಡಲಿಲ್ಲಲ್ಲೋ.’

ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಜಾಸ್ತಿ ನೋವಾಯ್ತು. ಗದಗಿಗೆ ಬರುವವರೆಗೆ ಬಸ್ಸಿನಲ್ಲಿ ಮಾತಾಡಲಿಲ್ಲ. ಮರುದಿನದಿಂದ ಒಂದು ವರ್ಷ ಬೆಳಿಗ್ಗೆ ಬರೀ ಠೇಕಾ, ಅಂದರೆ ತಾಳದ ಮೂಲ ಬೋಲುಗಳ ಸುತ್ತು, ಬಾರಿಸಿದೆ. ಧಿಂ ಧಿಂ ಧಾಗೆ ತಿರಕಿಟ ತೂ ನಾ, ಕತ್ ತಾ ಧಾಗೆ ತಿರಕಿಟ ಧೀ ನಾ. ಹನ್ನೆರಡು ಮಾತ್ರೆ, ಅಷ್ಟೇ. ಮೂರು ತಿಂಗಳಿಗೆ ಬೇಸರ ಬಂತು. ಆರು ತಿಂಗಳಿಗೆ ಬೇಸರ ಹೋಯ್ತು. ಆಮೇಲೆ ಎರಡು ಧಿಂ ಒಂದೇ ಅಲ್ಲ ಅಂತ ಕೇಳಿಸತೊಡಗಿತು. ನಡುವೆ ಖಾಲಿ ಇದೆ ಅಂದುಕೊಂಡಿದ್ದ ಜಾಗ ಖಾಲಿ ಇರಲಿಲ್ಲ. ಎಡಗೈ ಡಗ್ಗಾದ ಗುಂಗು ಅಲ್ಲಿ ಇಳಿಯುತ್ತಿತ್ತು. ಅದು ಪೂರ್ತಿ ಇಳಿಯುವ ಮೊದಲೇ ನಾನು ಕೈ ಹಾಕಿ ಕೆಡಿಸುತ್ತಿದ್ದೆ.

ಕುಣಿಸುವ ಲಯದ ನಿಮ್ಮ ಫಂಕ್ ಸಂಗೀತದವರಿಗೂ ಇದು ಗೊತ್ತಿತ್ತು. ನೀನು ಹೇಳಿದ ಮೇಲೆ ನಾನೂ ಒಂದಿಷ್ಟು ಕೇಳಿದೆ, ಓದಿದೆ. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ 1960ರ ದಶಕದಲ್ಲಿ ತಮ್ಮ ವಾದ್ಯದವರಿಗೆಲ್ಲ ಮೊದಲನೇ ಮಾತ್ರೆಯ ಮೇಲೆ ಭಾರ ಹಾಕಿಸಿದರು. ಅದನ್ನು ಅವರು ‘ದ ವನ್’ ಅಂತ ಕರೆದರು. ತಾಳ ಶುರುವಾಗುವ ನಮ್ಮ ‘ಸಮ್’ ಅದೇ ಅಲ್ವಾ! 1970ರಲ್ಲಿ ಬಂದ ಅವರ ‘ಫಂಕಿ ಡ್ರಮ್ಮರ್’ ಹಾಡನ್ನು ಪೂರ್ತಿ ಕೇಳು. ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರ ಸರದಿ ಬರುವ ಮೊದಲು ಬ್ರೌನ್, ‘ಸೋಲೋ ಬೇಡ, ಈಗ ಹಿಡಿದಿದ್ದನ್ನೇ ಹಿಡಿದುಕೊಂಡಿರು’ ಅಂತ ಅವರಿಗೆ ಹೇಳುತ್ತಾರೆ. ಉಳಿದವರೆಲ್ಲ ನಿಲ್ಲುತ್ತಾರೆ. ಸ್ಟಬಲ್‌ಫೀಲ್ಡ್ ತಮ್ಮ ಠೇಕಾ ಮಾತ್ರ ಬಾರಿಸುತ್ತಾರೆ, ಕೆಲವೇ ಸೆಕೆಂಡು. ಮುಂದೆ ಹಿಪ್‌ಹಾಪ್‌ನವರು ಎಷ್ಟೋ ಹಾಡಿಗೆ ಆ ತುಣುಕನ್ನೇ ಕತ್ತರಿಸಿ ಅಡಿಗೆ ಹಾಕಿಕೊಂಡರು. ಆ ಮನುಷ್ಯನಿಗೆ ಅದರಿಂದ ಸರಿಯಾಗಿ ದುಡ್ಡು ಸಿಗಲಿಲ್ಲ ಅನ್ನುವುದು ನನಗೆ ಸಂಕಟದ ವಿಷಯ. ಹಿಂದೆ ಕೂತವರ ಕೆಲಸವನ್ನು ಲೋಕ ತಡವಾಗಿ ಕಾಣುತ್ತದೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಇನ್ನು ‘ಝೆನ್’ ಅನ್ನುವ ಶಬ್ದ. ಅದನ್ನು ಟೀ ಶರ್ಟಿನ ಮೇಲೆ ಬರೆಸುವ ಶಬ್ದ ಅಂದುಕೊಳ್ಳಬೇಡ. ನಮ್ಮ ‘ಧ್ಯಾನ’ವೇ ಚೀನಕ್ಕೆ ಹೋಗಿ ‘ಚಾನ್’ ಆಯ್ತು, ಜಪಾನಿಗೆ ಹೋಗಿ ‘ಝೆನ್’ ಆಯ್ತು. ಹದಿಮೂರನೇ ಶತಮಾನದಲ್ಲಿ ಅಲ್ಲಿ ಡೋಗೆನ್ ಅನ್ನುವ ಗುರು ಸುಮ್ನೆ ಕೂಡುವುದನ್ನೇ ಸಾಧನೆ ಅಂತ ಕಲಿಸಿದರು. ಏನೋ ಸಿಗಲಿ ಅಂತ ಕೂಡುವುದಲ್ಲ, ಕೂಡುವುದೇ ಎಲ್ಲ. ಬೆರ್ಟ್ಶ್ 2003-04ರಲ್ಲಿ ಆರು ತಿಂಗಳು ಜಪಾನಿನಲ್ಲಿ ಇದ್ದು ಬಂದವರು, ಐಕಿಡೊ ಅನ್ನುವ ಅಲ್ಲಿನ ಸಮರಕಲೆ ಕಲಿತವರು. ರೋನಿನ್ ಅಂದರೆ ಒಡೆಯನಿಲ್ಲದ ಸಮುರಾಯ್. ತಮ್ಮ ರಚನೆಗಳಿಗೆ ಅವರು ಚಂದದ ಹೆಸರೂ ಇಡುವುದಿಲ್ಲ, ಮಾಡ್ಯೂಲ್ ಅಂತ ಬರೆದು ನಂಬರ್ ಹಾಕುತ್ತಾರೆ. 2006ರ ‘ಸ್ಟೋವಾ’ ಆಲ್ಬಮ್ಮಿನ ಮೊದಲನೆಯದು ‘ಮಾಡ್ಯೂಲ್ 36’. ಹೆಸರು ಕೇಳಿ ‘ಓಹೋ, ಇದು ಮಳೆಯ ಹಾಡು’ ಅಂತ ಮೊದಲೇ ತೀರ್ಮಾನಿಸಲು ಬರುವುದಿಲ್ಲ. ಕೇಳಲೇಬೇಕು. ಇದು ನನಗೆ ಬಹಳ ಹಿಡಿಸಿತು.

ಈಗ ಮಾಡಬೇಕಾದ್ದು ಹೇಳುತ್ತೇನೆ. ಗಿಟಾರ್ ಬೇಕಾದರೆ ಆಮೇಲೆ ಕಲಿ, ಬೇಡ ಅನ್ನುವುದಿಲ್ಲ. ಆದರೆ ಬೇಸರದಿಂದ ಓಡಿಹೋಗಿ ಕಲಿಯಬೇಡ. ಆ ಬೇಸರ ಗಿಟಾರಿನಲ್ಲೂ ಆರು ತಿಂಗಳಿಗೆ ಬಂದು ಕೂಡುತ್ತದೆ. ಡ್ರಮ್ಸಿಗೆ ಡಬಲ್ ಪೆಡಲ್ ಕೊಳ್ಳಲು ಕೂಡಿಟ್ಟ ದುಡ್ಡು ಸದ್ಯ ಹಾಗೇ ಇರಲಿ. ಬೆಳಿಗ್ಗೆ ಇಪ್ಪತ್ತು ನಿಮಿಷ ಒಂದೇ ಗ್ರೂವ್ ಬಾರಿಸು. ಲಯ ಸಾವಕಾಶ ಇರಲಿ. ಸಂದಿ ತುಂಬುವ ಫಿಲ್ ಒಂದೂ ಹಾಕಬೇಡ, ಕ್ರ್ಯಾಶ್ ತಟ್ಟೆ ಮುಟ್ಟಬೇಡ. ಸ್ನೇರ್ ಡ್ರಮ್ಮಿನ ಸಣ್ಣ ಪೆಟ್ಟುಗಳನ್ನು ಪಕ್ಕದ ಕೋಣೆಯವರಿಗೆ ಕೇಳದಷ್ಟು ಮೆಲ್ಲಗೆ ಹಾಕಲು ಕಲಿ. ಜೋರು ಬಾರಿಸುವುದು ಯಾರಿಗಾದರೂ ಬರುತ್ತದೆ. ಅದು ಕೂತ ಮೇಲೆ ಬಲಗೈ ನಾಲ್ಕು, ಕಾಲು ಐದು ಇಟ್ಟು ಇಪ್ಪತ್ತಕ್ಕೆ ಸೇರಿಸು. ತಪ್ಪಿದರೆ ನಿಲ್ಲಿಸಬೇಡ. ಮುಂದಿನ ಸಮ್ ಹಿಡಿದುಕೋ.

ಗೆಳೆಯರ ವಿಷಯ. ಅವರ ಜೊತೆ ಜಗಳ ಬೇಡ. ಐದು ಜನರಲ್ಲಿ ಒಬ್ಬ ಒಪ್ಪಿದರೂ ಸಾಕು. ರೋನಿನ್ ತಂಡದ ಡ್ರಮ್ಮರ್ ಕಾಸ್ಪರ್ ರಾಸ್ಟ್ ಮತ್ತು ಬೆರ್ಟ್ಶ್ ಸಣ್ಣ ಹುಡುಗರಿದ್ದಾಗಿನಿಂದ ಜೊತೆಗೆ ನುಡಿಸಿದವರು. 2004ರಿಂದ ಅವರು ಝೂರಿಕ್‌ನಲ್ಲಿ ಸೋಮವಾರ ಸೋಮವಾರ ಒಂದು ಕ್ಲಬ್ಬಿನಲ್ಲಿ ನುಡಿಸುತ್ತಾ ಬಂದರು. ಇದನ್ನು ಓದಿ ನನಗೆ ನಗು ಬಂತು, ಸಂತೋಷದ ನಗು. ನಮ್ಮ ಓಣಿಯ ಗುಡಿಯ ಭಜನೆಯೂ ಸೋಮವಾರವೇ ತಾನೇ? ಈಗಷ್ಟೇ ಅಲ್ಲಿಂದ ಬಂದು ಬರೆಯುತ್ತಿದ್ದೇನೆ. ಇವತ್ತು ಏಳೇ ಜನ. ಅದೇ ಪದ, ಅದೇ ತಾಳ, ಅದೇ ಹಾರ್ಮೋನಿಯಂನ ಸಿಕ್ಕಿಕೊಳ್ಳುವ ಸ್ವರದ ಮನೆ. ಹನ್ನೊಂದು ಗಂಟೆಯ ಹೊತ್ತಿಗೆ ಏನಾಯ್ತೋ, ತಾಳ ಹಿಡಿದವರೆಲ್ಲ ಒಂದೇ ಉಸಿರಿಗೆ ಬಂದರು. ನಾನು ಬಾರಿಸುತ್ತಿದ್ದೇನೆ ಅನ್ನಿಸಲೇ ಇಲ್ಲ. ನಲವತ್ತು ವರ್ಷದಲ್ಲಿ ಇಂಥದ್ದು ಕೈಬೆರಳೆಣಿಕೆಯಷ್ಟು ಸಲ ಆಗಿರಬಹುದು. ಪ್ರತಿ ಸೋಮವಾರ ಹೋಗದಿದ್ದರೆ ಅದೂ ಸಿಗುತ್ತಿರಲಿಲ್ಲ. ನೀನೂ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೋ. ಕೇಳುವವರು ಇರಲಿ, ಇಲ್ಲದಿರಲಿ.

ಈ ಶನಿವಾರ ಹುಬ್ಬಳ್ಳಿಯಿಂದ ಸಂಜೆ ಗಾಡಿ ಹತ್ತಿ ಬಾ. ಬಾರಿಸುವ ಕೋಲು ತರಬೇಡ, ಎರಡು ಕೈ ಸಾಕು. ಸ್ಟೀವ್ ರೈಶ್ ಅನ್ನುವ ಅಮೆರಿಕದ ಸಂಗೀತಗಾರರು 1972ರಲ್ಲಿ ಬರೀ ಚಪ್ಪಾಳೆಗೆ ಒಂದು ರಚನೆ ಮಾಡಿದ್ದಾರೆ. ಅದಕ್ಕೂ ಹನ್ನೆರಡೇ ಮಾತ್ರೆ. ಮೂರು ಚಪ್ಪಾಳೆ, ಒಂದು ಬಿಡು. ಎರಡು, ಒಂದು ಬಿಡು. ಒಂದು, ಒಂದು ಬಿಡು. ಎರಡು, ಒಂದು ಬಿಡು. ಇಬ್ಬರೂ ಒಟ್ಟಿಗೆ ಶುರು ಮಾಡುವುದು. ಒಬ್ಬರು ಕದಲಬಾರದು. ಇನ್ನೊಬ್ಬರು ಕೆಲವು ಸುತ್ತು ಆದ ಮೇಲೆ ಒಂದೊಂದೇ ಮಾತ್ರೆ ಮುಂದೆ ಸರಿಯುತ್ತಾ ಹೋಗಬೇಕು. ಹನ್ನೆರಡು ಸಲ ಸರಿದಾಗ ಮತ್ತೆ ಇಬ್ಬರೂ ಒಂದಾಗುತ್ತಾರೆ. ನಿಮ್ಮ ಚಿಗವ್ವನಿಗೆ ಹೇಳಿಕೊಟ್ಟೆ. ಆಕೆ ಕದಲುವುದಿಲ್ಲ, ನಾನು ಸರಿಯುತ್ತೇನೆ. ರೊಟ್ಟಿ ಬಡಿದ ಕೈ, ಒಮ್ಮೆ ಹಿಡಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ನಿನ್ನೆ ರಾತ್ರಿ ಐದನೇ ಸರಿತದವರೆಗೆ ಬಂದೆವು. ಆರನೆಯದರಲ್ಲಿ ನನ್ನ ಕೈ ಆಕೆಯ ಕೈ ಜೊತೆ ಹೋಗಿಬಿಡುತ್ತದೆ. ನೀನು ಬಂದರೆ ಸರಿಯುವ ಕೆಲಸ ನಿನಗೆ ಕೊಟ್ಟು, ನಾನು ಪಕ್ಕದಲ್ಲಿ ಕೂತು ಎಣಿಸುತ್ತೇನೆ.

ಚಿಗವ್ವ ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ. ಡಬ್ಬಿ ತಗೊಂಡು ಬಾ.

ಇಂತಿ ನಿನ್ನ
ಕಾಕಾ