ಆಯಿಯ ಶುಕ್ರವಾರದ ದೀಪ

ಪ್ರೀತಿಯ ಗೆಳೆಯಾ,

ಹೋದ ತಿಂಗಳು ನಿನ್ನ ಮಗಳ ನಿಶ್ಚಿತಾರ್ಥದ ಊಟದಲ್ಲಿ ನಾನು ಅರ್ಧಕ್ಕೇ ಎದ್ದು ಹೋದೆ. ತಲೆ ಸುತ್ತುತ್ತಿದೆ ಎಂದು ನೆಪ ಹೇಳಿದ್ದೆ. ಮರುದಿನ ನೀನು ಎರಡು ಸಲ ಫೋನ್ ಮಾಡಿ ವಿಚಾರಿಸಿದಾಗಲೂ ನಿಜ ಹೇಳಲಿಲ್ಲ. ಮೂವತ್ತೈದು ವರ್ಷಗಳ ಸ್ನೇಹ ನಮ್ಮದು. ಆ ಸುಳ್ಳು ಎದೆಯ ಮೇಲೆ ಕಲ್ಲಿನಂತೆ ಕುಳಿತಿದೆ.

ಪಂಕ್ತಿಯಲ್ಲಿ ಮಾತು ರಾಜಕಾರಣದ ಕಡೆಗೆ ಹೊರಳಿತ್ತಲ್ಲ? ಯಾರೋ ಹಿರಿಯರು "ಈ ದೇಶಕ್ಕೂ ಒಬ್ಬ ಹಿಟ್ಲರ್ ಬೇಕು" ಎಂದರು. ನೀನು ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತಾ, "ಹೌದು, ಯಹೂದಿಗಳಿಗೆ ಸರಿಯಾಗಿ ಬುದ್ಧಿ ಕಲಿಸಿದ ಮನುಷ್ಯ" ಎಂದೆ. ಎಲ್ಲರೂ ನಕ್ಕರು. ನನ್ನ ತುತ್ತು ಗಂಟಲಲ್ಲೇ ನಿಂತಿತು.

ನನ್ನ ಆಯಿ ಯಹೂದಿ ಕಣೋ. ನಮ್ಮ ಅವ್ವನ ತಾಯಿ. ಪರೀಕ್ಷೆಯ ದಿನಗಳಲ್ಲಿ ನೀನು ನಮ್ಮ ಮನೆಯಲ್ಲಿ ಓದಲು ಉಳಿದಾಗ ನಿನ್ನ ಜೇಬಿಗೆ ಕರಂಜಿ ತುರುಕುತ್ತಿದ್ದಳಲ್ಲ, ಆ ಆಯಿ.

ನನಗೂ ಇದು ಗೊತ್ತಾದದ್ದು ಎರಡು ವರ್ಷದ ಹಿಂದೆ, ಅವ್ವ ತೀರಿಕೊಂಡ ಮೇಲೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಆಯಿಯ ಎರಡು ಇಳಕಲ್ ಸೀರೆ ಇದ್ದವು. ಒಂದರ ಮಡಿಕೆಯೊಳಗೆ ಅಂಗೈಯಗಲದ ಪುಸ್ತಕವೊಂದು ಸಿಕ್ಕಿತು. ಒಂದು ಪುಟದಲ್ಲಿ ದೇವನಾಗರಿಯಲ್ಲಿ ಮರಾಠಿ, ಎದುರು ಪುಟದಲ್ಲಿ ನಾನು ಎಂದೂ ಓದಿರದ ಚೌಕಾಕಾರದ ಅಕ್ಷರಗಳು. ಬೆನ್ನಿನ ಅಂಟು ಬಿಟ್ಟಿತ್ತು. ಕೆಲವು ಪುಟಗಳ ಮೂಲೆಗೆ ಎಣ್ಣೆ ಹತ್ತಿ ಅಕ್ಷರ ಆಚೆಯಿಂದ ಕಾಣುತ್ತಿದ್ದವು. ಒಳರಕ್ಷೆಯ ಮೇಲೆ ಶಾಯಿಯಲ್ಲಿ ಒಂದು ಹೆಣ್ಣಿನ ಹೆಸರು ಮತ್ತು 'ಕರ್' ಎಂದು ಕೊನೆಯಾಗುವ ಅಡ್ಡಹೆಸರು ಇದ್ದವು. ಆ ಹೆಸರಿನವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಪುಸ್ತಕ ಹಿಡಿದುಕೊಂಡು ಸೋದರಮಾವನ ಬಳಿ ಹೋದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಸುಮ್ಮನೆ ಕುಳಿತರು. "ನನಗೆ ಗೊತ್ತಿತ್ತು. ನಿನ್ನ ಆಯಿಯೇ ಆಣೆ ಹಾಕಿಸಿಕೊಂಡಿದ್ದಳು" ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ನಿನ್ನ ಮಗಳ ಮದುವೆ ಆಗುವವರೆಗೆ ಬಾಯಿ ಬಿಡಬೇಡ" ಎಂದರು.

ಆಯಿ ಕೊಂಕಣದ ಬೆನೆ ಇಸ್ರೇಲ್ ಸಮುದಾಯದವಳು. ಆ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದ ಕಥೆಯ ಪ್ರಕಾರ, ಅಲಿಬಾಗ್ ಹತ್ತಿರದ ನವಗಾಂವ್ ಕಡಲಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರು. ಪುಸ್ತಕಗಳು ನೀರುಪಾಲಾದವು. ಉಳಿದದ್ದು ಬಾಯಲ್ಲಿದ್ದ ಒಂದು ಪ್ರಾರ್ಥನೆ. ಹಳ್ಳಿಹಳ್ಳಿಗೆ ಹಂಚಿಹೋಗಿ ಗಾಣ ಹೂಡಿದರು, ಊರಿನ ಹೆಸರಿಗೆ 'ಕರ್' ಸೇರಿಸಿ ಅಡ್ಡಹೆಸರು ಮಾಡಿಕೊಂಡರು. ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಗಾಣ ತಿರುಗಿಸುತ್ತಿರಲಿಲ್ಲವಾದ್ದರಿಂದ ಸುತ್ತಲಿನ ಜನ ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಶನಿವಾರದ ಗಾಣಿಗರು. ಬ್ರಿಟಿಷರ ಕಾಲಕ್ಕೆ ಅನೇಕರು ಸೈನ್ಯ, ಅಂಚೆ, ರೈಲ್ವೆ ಸೇರಿದರು. ಆಯಿಯ ತಂದೆಯೂ ರೈಲ್ವೆಯವರು. ಹಾಗೆಯೇ ಆ ಮನೆ ಹುಬ್ಬಳ್ಳಿಗೆ ಬಂತು. ವರ್ಕ್‌ಶಾಪಿನಲ್ಲಿದ್ದ ಅಜ್ಜನನ್ನು ಆಯಿ ಮೆಚ್ಚಿ ಮದುವೆಯಾದಳು. ತವರಿನ ಬಾಗಿಲು ಅಂದೇ ಮುಚ್ಚಿತು. ಈ ಕಡೆಯವರು, ಕುಲ ಯಾವುದೆಂದು ಹೊರಗೆ ತಿಳಿಯಬಾರದು ಎಂಬ ಕರಾರಿನ ಮೇಲೆ ಒಳಗೆ ಬಿಟ್ಟುಕೊಂಡರು. ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವುದು ನಮ್ಮ ಕಡೆ ವಾಡಿಕೆಯಾದ್ದರಿಂದ ಯಾರೂ ಕೇಳಲಿಲ್ಲ.

ಈಗ ಒಂದೊಂದೇ ನೆನಪಾಗುತ್ತದೆ. ಶುಕ್ರವಾರ ಸಂಜೆ ಹೊತ್ತು ಮುಳುಗುವ ಮೊದಲೇ ಆಯಿ ದೀಪ ಹಚ್ಚುತ್ತಿದ್ದಳು. ಶುಕ್ರವಾರದ ದೀಪ ಲಕ್ಷ್ಮಿಯದು ಎಂದು ಇಡೀ ಓಣಿಗೆ ಗೊತ್ತು. ಯಾರಿಗೆ ಅನುಮಾನ ಬಂದೀತು? ಶನಿವಾರ ಒಲೆಯ ಹತ್ತಿರ ಹೋಗುತ್ತಿರಲಿಲ್ಲ. ಶನಿದೇವರ ವ್ರತ ಎನ್ನುತ್ತಿದ್ದಳು. ಸಿಗಡಿ ಮುಟ್ಟುತ್ತಿರಲಿಲ್ಲ. ಮಾಂಸದ ಸಾರಿಗೆ ತೆಂಗಿನ ಹಾಲೇ ಆಗಬೇಕು. ಅದನ್ನು ಉಂಡ ದಿನ ಮಜ್ಜಿಗೆ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಎಲ್ಲ ಅವಳ ಜನರ ಊಟದ ಕಟ್ಟಳೆ. ಮಹಾಲಯ ಮುಗಿದು ದಸರೆ ಹತ್ತಿರ ಬಂದಾಗ ಒಂದು ದಿನ ಬಿಳಿ ಸೀರೆ ಉಟ್ಟು, ಕೋಣೆಯ ಬಾಗಿಲು ಹಾಕಿಕೊಂಡು, ಸಂಜೆಯವರೆಗೆ ಹನಿ ನೀರೂ ಕುಡಿಯದೆ ಇರುತ್ತಿದ್ದಳು. ಮೈ ಸರಿ ಇಲ್ಲ, ಬಿಡಿ ಎಂದು ಅಜ್ಜ ಹೇಳುತ್ತಿದ್ದರು. ಅದು ಪ್ರಾಯಶ್ಚಿತ್ತದ ದಿನ, ಯೋಮ್ ಕಿಪ್ಪುರ್. ಕೊಂಕಣದ ಯಹೂದಿಗಳ ಮರಾಠಿಯಲ್ಲಿ ಅದಕ್ಕೆ ಬಾಗಿಲು ಮುಚ್ಚುವ ಹಬ್ಬ ಎಂದೇ ಹೆಸರು.

ಮಲಗುವ ಮುಂಚೆ ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಏನೋ ಗುನುಗುತ್ತಿದ್ದಳು. ನನಗೆ "ಶ್ಯಾಮಾ" ಎಂದು ಕೇಳಿಸುತ್ತಿತ್ತು. ಕೃಷ್ಣನನ್ನು ಕರೆಯುತ್ತಾಳೆ ಎಂದುಕೊಂಡು ನಾನೂ ಪಕ್ಕದಲ್ಲಿ ಕಣ್ಣು ಮುಚ್ಚಿ "ಶ್ಯಾಮಾ, ಶ್ಯಾಮಾ" ಎನ್ನುತ್ತಿದ್ದೆ. ಆಯಿ ನನ್ನನ್ನು ತಿದ್ದಲಿಲ್ಲ. ತಲೆ ಸವರುತ್ತಿದ್ದಳು ಅಷ್ಟೆ. ಅದು 'ಶೆಮಾ'. "ಕೇಳು, ಇಸ್ರಾಯೇಲೇ" ಎಂದು ಆರಂಭವಾಗುವ ಪ್ರಾರ್ಥನೆ. ಒಡೆದ ಹಡಗಿನಿಂದ ಉಳಿದು ಬಂದದ್ದು. ಇದು ತಿಳಿದ ದಿನ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಡಿಸೆಂಬರಿನಲ್ಲಿ ಮುಂಬಯಿಗೆ ಹೋಗಿದ್ದೆ. ಕಚೇರಿ ಕೆಲಸ ಎಂದು ನಿನಗೆ ಹೇಳಿದ್ದೆ, ಅದೂ ಸುಳ್ಳೇ. ಮಸ್ಜಿದ್ ರೈಲು ನಿಲ್ದಾಣದ ಬಳಿ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿ ಅವರ ಹಳೆಯ ಸಿನಗಾಗ್, ಎಂದರೆ ಪ್ರಾರ್ಥನಾ ಮಂದಿರ ಇದೆ, 1796ರದ್ದು. ಶಾರ್ ಹರಹಮೀಮ್, ಎಂದರೆ ಕರುಣೆಯ ಬಾಗಿಲು. 2008ರ ನವೆಂಬರಿನಲ್ಲಿ ಭಯೋತ್ಪಾದಕರು ಮುಂಬಯಿಯ ಯಹೂದಿ ಕೇಂದ್ರವಾದ ನರಿಮನ್ ಹೌಸಿಗೆ ನುಗ್ಗಿ ಯಹೂದಿಗಳೆಂಬ ಕಾರಣಕ್ಕೇ ಜನರನ್ನು ಕೊಂದ ಮೇಲೆ ಅಲ್ಲಿನ ಸಿನಗಾಗ್‌ಗಳಿಗೆ ಪೊಲೀಸ್ ಕಾವಲು ಹಾಕಲಾಗಿದೆ. ಗುರುತಿನ ಚೀಟಿ ತೋರಿಸಿ ಒಳಗೆ ಹೋದೆ. ಅಲ್ಲಿದ್ದ ವೃದ್ಧರೊಬ್ಬರು ಆಯಿಯ ಪುಸ್ತಕವನ್ನು ಎರಡೂ ಕೈಯಿಂದ ತೆಗೆದುಕೊಂಡು ತುಟಿಗೆ ಮುಟ್ಟಿಸಿದರು. "ತಾಯಿಯ ತಾಯಿ ನಮ್ಮವಳಾದರೆ ಕಟ್ಟಳೆಯ ಪ್ರಕಾರ ನೀನೂ ನಮ್ಮವನೇ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಆ ಸಿನಗಾಗ್ ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆ ಸಿಕ್ಕಿದ್ದರಂತೆ. ಸೆರೆಯಾಳುಗಳು ಬನಿ ಇಸ್ರಾಯೀಲರು, ಎಂದರೆ ಬೆನೆ ಇಸ್ರೇಲರು, ಎಂದು ತಿಳಿದಾಗ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಹೆಸರು ಬರುವ ಜನರನ್ನು ಕೊಲ್ಲಬೇಡ ಎಂದು ಬೇಡಿಕೊಂಡರೆಂದು ಆ ಸಮುದಾಯದವರು ಹೇಳುತ್ತಾರೆ. ಬದುಕಿ ಬಂದದ್ದಕ್ಕೆ ಹರಕೆಯಾಗಿ ಕಟ್ಟಿಸಿದ ಗುಡಿಯಂತೆ ಅದು. ನಮ್ಮದೇ ನೆಲದಲ್ಲಿ ಒಬ್ಬ ಮುಸ್ಲಿಂ ತಾಯಿಯ ಮಾತಿಗೆ ಉಳಿದ ಜೀವ ಎಂಬ ಈ ಕಥೆಯನ್ನು ಅಲ್ಲಿ ಮಕ್ಕಳಿಗೂ ಹೇಳುತ್ತಾರೆ.

ಭಾರತದಲ್ಲಿ ಯಹೂದಿಗಳನ್ನು ಯಾರೂ ಹಿಂಸಿಸಲಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಈ ಹೆಮ್ಮೆಗೆ ಬಹುಮಟ್ಟಿಗೆ ಆಧಾರವಿದೆ. ಅವರೂ ಅದನ್ನೇ ಹೇಳುತ್ತಾರೆ. ಆದರೆ ನನ್ನ ಆಯಿ ಯಾರ ಕತ್ತಿಗೂ ಹೆದರಿ ಹೆಸರು ಬಿಟ್ಟವಳಲ್ಲ. ಅತ್ತೆ, ನಾದಿನಿ, ಪಂಕ್ತಿಯಲ್ಲಿ ಕುಳಿತವರು, ಮುಂದೆ ಮಕ್ಕಳಿಗೆ ಹೆಣ್ಣು ಕೊಡುವವರು, ಇವರಿಗೆ ಹೆದರಿ ಬಿಟ್ಟಳು. ಜಾತಿ ಕೇಳುವ ನಮ್ಮ ಚಟಕ್ಕೆ ಅವಳ ಹೆಸರು ಹೋಯಿತು. ಅವಳ ತವರಿನವರೂ ಇದಕ್ಕೆ ಹೊರತಲ್ಲ. ಅವರಲ್ಲೂ 'ಗೋರಾ', 'ಕಾಳಾ' ಎಂದು ಎರಡು ಪಂಗಡ ಮಾಡಿಕೊಂಡು ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣದ ಕಾಲವಿತ್ತು. ಇಸ್ರೇಲಿಗೆ ಹೋದವರಿಗೆ ಅಲ್ಲಿ ಇನ್ನೊಂದು ಅವಮಾನ ಕಾದಿತ್ತು: 1962ರಲ್ಲಿ ಅಲ್ಲಿನ ಮುಖ್ಯ ಧರ್ಮಗುರುಗಳು, ಬೆನೆ ಇಸ್ರೇಲರ ಮದುವೆ ಮಾಡಿಸುವ ಮೊದಲು ವಂಶವನ್ನು ಕೆದಕಿ ನೋಡಬೇಕೆಂದು ಸೂಚನೆ ಹೊರಡಿಸಿದರು. ಇವರು ಜೆರುಸಲೇಮಿನಲ್ಲಿ ಧರಣಿ ಕುಳಿತರು. 1964ರಲ್ಲಿ ಅಲ್ಲಿನ ಸಂಸತ್ತು ಇವರೂ ಎಲ್ಲರಂತೆ ಪೂರ್ಣ ಯಹೂದಿಗಳೇ ಎಂದು ನಿರ್ಣಯ ಮಾಡಬೇಕಾಯಿತು.

ಮಾವನ ಮಾತು ಮೀರಿ ನಾನು ಕಚೇರಿಯಲ್ಲಿ ಇಬ್ಬರಿಗೆ ಹೇಳಿದೆ. ಒಬ್ಬ "ಹಾಗಾದರೆ ಗಾಜಾದಲ್ಲಿ ಸಾಯುತ್ತಿರುವ ಮಕ್ಕಳಿಗೆ ಏನು ಹೇಳುತ್ತೀಯ?" ಎಂದು ನನ್ನನ್ನೇ ಆರೋಪಿಯಂತೆ ನೋಡಿದ. ಇನ್ನೊಬ್ಬ ಕೈ ಕುಲುಕಿ, "ನಿಮ್ಮವರು ಸರಿಯಾಗಿ ಬಾರಿಸುತ್ತಿದ್ದಾರೆ" ಎಂದ. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಹಮಾಸ್ ದಾಳಿಗೆ ಕೊಲೆಯಾದವರಿಗೂ ಆಮೇಲೆ ಗಾಜಾದಲ್ಲಿ ಮಣ್ಣಾದ ಮಕ್ಕಳಿಗೂ ನನ್ನ ಹೊಟ್ಟೆ ಉರಿದಿದೆ. ಕೈ ಕುಲುಕಿದವನ ಮಾತೇ ಹೆಚ್ಚು ನೋಯಿಸಿತು. ಆಯಿ ಇರುವೆ ಮುತ್ತಿದ ಸಕ್ಕರೆ ಡಬ್ಬಿಯನ್ನು ಬಿಸಿಲಿಗಿಟ್ಟು, ಅವು ತಾವಾಗಿ ಹೊರಟುಹೋಗುವವರೆಗೆ ಕಾಯುತ್ತಿದ್ದವಳು.

ನಿನ್ನ ಮಾತಿಗೆ ಮರಳುತ್ತೇನೆ. ನೀನು ಕೆಟ್ಟವನಲ್ಲ. ನಮ್ಮ ಶಾಲೆಯಲ್ಲಿ ಬೆತ್ತ ಹಿಡಿದ ಮೇಷ್ಟರಿಗೆಲ್ಲ ಹಿಟ್ಲರ್ ಎಂದೇ ಅಡ್ಡಹೆಸರು. ಬೆಂಗಳೂರಿನ ಫುಟ್‌ಪಾತಿನಲ್ಲಿ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಮಾರಾಟಕ್ಕಿರುತ್ತದೆ. ನಾನೂ ಆ ಹೆಸರು ಹೇಳಿ ನಕ್ಕವನೇ. ಆದರೆ ಅವನು ಬುದ್ಧಿ ಕಲಿಸಲಿಲ್ಲ. ಸುಮಾರು ಅರವತ್ತು ಲಕ್ಷ ಯಹೂದಿಗಳನ್ನು ಕೊಲ್ಲಿಸಿದ. ಅಜ್ಜ ಅಜ್ಜಿಯರಲ್ಲಿ ಮೂವರು ಯಹೂದಿಗಳಾಗಿದ್ದರೆ ಮನುಷ್ಯ ಯಹೂದಿ ಎಂದು 1935ರಲ್ಲಿ ಅವನ ಸರ್ಕಾರ ಕಾನೂನು ಮಾಡಿತು. ಒಬ್ಬರೇ ಇದ್ದರೆ ಬೆರಕೆಯವನು ಎಂದು ದಾಖಲೆಗೆ ಸೇರಿಸಿತು. ಆ ಪಟ್ಟಿಯಲ್ಲಿ ನನ್ನ ಅವ್ವ ಎಲ್ಲಿ ಬರುತ್ತಿದ್ದಳು, ನಾನು ಎಲ್ಲಿ ಬರುತ್ತಿದ್ದೆ ಎಂದು ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಅಂಥ ಲೆಕ್ಕ ಹಾಕುವ ರಾತ್ರಿ ನಿನಗೆ ಬಾರದಿರಲಿ.

ನನ್ನ ಮಗಳಿಗೆ ಎಲ್ಲ ಹೇಳಿದ್ದೇನೆ. "ಇದು ಬೇಡ ಎನ್ನುವ ಮನೆ ನನಗೂ ಬೇಡ ಅಪ್ಪಾ" ಎಂದಳು. ಅವಳೇ ಈಗ ಶುಕ್ರವಾರ ದೀಪ ಹಚ್ಚುತ್ತಾಳೆ, ಹೊತ್ತು ಮುಳುಗುವ ಮೊದಲು. ನಾನು ಮತಾಂತರ ಆಗುತ್ತಿಲ್ಲ, ಯಾವ ದೇಶಕ್ಕೂ ಹೋಗುತ್ತಿಲ್ಲ. ಯುಗಾದಿಗೆ ಬೇವು ಬೆಲ್ಲ ಎಂದಿನಂತೆಯೇ.

ಬರುವ ಶುಕ್ರವಾರ ಸಂಜೆ ಆರರೊಳಗೆ ಮನೆಗೆ ಬಾ. ಮಲಿದಾ ಮಾಡಿಸುತ್ತೇನೆ: ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣು. ಆಯಿ ಇದನ್ನು ಮಾಡಿದಾಗ ನೀನೂ ತಿಂದಿದ್ದೀಯ. ದರ್ಗಾದ ಮಾಲದಿ ಇರಬೇಕು ಎಂದುಕೊಂಡಿದ್ದೆವು ನಾವಿಬ್ಬರೂ. ಅದು ಪ್ರವಾದಿ ಎಲೀಯನ ಹೆಸರಿನಲ್ಲಿ ಇಡುವ ಎಡೆ. ಆಯಿಯ ನಿಜವಾದ ಹೆಸರನ್ನು ಅವತ್ತು ಹೇಳುತ್ತೇನೆ. ಈ ಪತ್ರವನ್ನು ಬೇರೆಯವರೂ ಓದುತ್ತಾರಾದ್ದರಿಂದ ಇಲ್ಲಿ ಬರೆದಿಲ್ಲ.

ನಿನ್ನವ