ಎಂಟನೆಯ ತರಗತಿಯ ಪೋಷಕರಿಗೆ: ಸಮವಸ್ತ್ರದ ಕೆಸರು, ಶನಿವಾರದ ಪ್ರದರ್ಶನ

ಮಾನ್ಯ ಪೋಷಕರೇ,

ನಮಸ್ಕಾರ. ಗುರುವಾರ ಮಕ್ಕಳು ಸಮವಸ್ತ್ರಕ್ಕೆಲ್ಲ ಕೆಸರು ಮೆತ್ತಿಕೊಂಡು ಮನೆಗೆ ಬಂದರೆಂದು ಕೆಲವರು ಫೋನ್ ಮಾಡಿ ಆಕ್ಷೇಪಿಸಿದಿರಿ. ತಪ್ಪು ನನ್ನದೇ. ಹಳೆಯ ಬಟ್ಟೆ ತರಲು ಮೊದಲೇ ಹೇಳಬೇಕಿತ್ತು.

ಆದದ್ದು ಇಷ್ಟು. ಅಂದು ಆಫ್ರಿಕಾದ ಹಳೆಯ ಇತಿಹಾಸದ ಪಾಠವಿತ್ತು. ಪೂರ್ವ ಸೂಡಾನಿನಲ್ಲಿ ಸುಮಾರು 5,000 ವರ್ಷ ಹಳೆಯ ಮಡಕೆ ಚೂರುಗಳು ಸಿಕ್ಕಿವೆ. ಅಲ್ಲಿಯವರು ಮಡಕೆಯ ಮಣ್ಣಿಗೆ ಜೋಳದ ಹೊಟ್ಟು ಬೆರೆಸುತ್ತಿದ್ದರು. ಸುಟ್ಟಾಗ ಹೊಟ್ಟು ಉರಿದು ಅದರ ಅಚ್ಚು ಮಾತ್ರ ಉಳಿಯಿತು. ಕಾಡುಜೋಳ ಬಲಿತೊಡನೆ ತಾನಾಗಿ ಉದುರುತ್ತದೆ, ಕಳಚಿದ ಬುಡ ನುಣುಪು. ಬೇಸಾಯದ ಜೋಳವನ್ನು ಬಡಿದೇ ಬಿಡಿಸಬೇಕು, ಕಿತ್ತ ಬುಡ ಒರಟು. ಆ ಚೂರುಗಳಲ್ಲಿ ಎರಡೂ ಬಗೆಯ ಗುರುತುಗಳಿವೆ. ಆಯ್ದು ತಿನ್ನುತ್ತಿದ್ದವರು ಬಿತ್ತಿ ಬೆಳೆಯುವವರಾಗುತ್ತಿದ್ದ ಕಾಲ ಅದು. ಇದನ್ನು ಕರಿಹಲಗೆಯ ಮೇಲೆ ಬರೆದು ಮುಗಿಸಲು ಮನಸ್ಸಾಗಲಿಲ್ಲ. ಮಕ್ಕಳ ಕೈಗೇ ಹಸಿಮಣ್ಣು, ಜೋಳದ ಹೊಟ್ಟು ಕೊಟ್ಟೆ.

‘ಪರೀಕ್ಷೆಗೆ ಬಾರದ ಆಫ್ರಿಕಾ ಏಕೆ?’ ಎಂದೂ ಒಬ್ಬರು ಕೇಳಿದ್ದೀರಿ. ನಮ್ಮ ರಾಗಿಯ ತವರು ಇಥಿಯೋಪಿಯಾ, ಉಗಾಂಡದ ಕಡೆಯ ಎತ್ತರದ ನಾಡು; ಸಜ್ಜೆಯದು ಪಶ್ಚಿಮ ಆಫ್ರಿಕಾ. ಮುದ್ದೆ, ರೊಟ್ಟಿ ಉಣ್ಣುವ ಮನೆಗಳಿಗೆ ಬೇರೆ ಕಾರಣ ಬೇಕೆ?

ಇದೇ ಪಾಠದ ಮೇಲೆ ನಡೆಯುವ ಶನಿವಾರದ ಪ್ರದರ್ಶನಕ್ಕೆ ದಯವಿಟ್ಟು ಅಂಗಡಿಯ ಸಿದ್ಧ ಚಾರ್ಟ್ ಕೊಡಿಸಬೇಡಿ. ಕಳೆದ ವರ್ಷ ಬಂದವುಗಳಲ್ಲಿ ಆಫ್ರಿಕಾ ಎಂದರೆ ಈಟಿ, ಎಲೆಯುಡುಗೆ, ಒಂದು ಸಿಂಹ. ಬೇಟೆಗಾರ, ರೈತ, ರಾಜ ಎಂಬ ಮೆಟ್ಟಿಲಿನ ಚಿತ್ರವೂ ಬೇಡ; ಎಲ್ಲರೂ ಅದೇ ಕ್ರಮದಲ್ಲಿ ಹತ್ತಲಿಲ್ಲ. ಸಹಾರಾದಲ್ಲಿ ಬೇಸಾಯಕ್ಕೂ ಮೊದಲೇ ಜನ ದನ ಮೇಯಿಸುತ್ತಿದ್ದರು. ತಾಂಜಾನಿಯಾದ ಹಡ್ಜಾ ಜನರಲ್ಲಿ ಕೆಲವರು ಇಂದಿಗೂ ಬೇಟೆ, ಜೇನು, ಗೆಡ್ಡೆಗಳನ್ನೇ ನೆಚ್ಚಿದ್ದಾರೆ.

ರಾಜ್ಯಗಳ ಪಾಠಕ್ಕೆ ದಕ್ಷಿಣ ಆಫ್ರಿಕಾ ಭಾಗದ ಹಳೆಯ ಕಲ್ಲಿನ ನಗರ ಗ್ರೇಟ್ ಜಿಂಬಾಬ್ವೆಯನ್ನು ಆರಿಸಿದ್ದೇವೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಅಲ್ಲಿಯ ಗೋಡೆ ಕೆಲವೆಡೆ 11 ಮೀಟರ್ ಎತ್ತರವಿದೆ. ಅಲ್ಲಿಯವರೇ ಆದ ಶೋನಾ ಜನರ ಪೂರ್ವಿಕರು ಕಟ್ಟಿದ್ದನ್ನು ವಸಾಹತುಗಾರರು ಮೆಡಿಟರೇನಿಯನ್ ತೀರದ ಪ್ರಾಚೀನ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಲೆಕ್ಕಕ್ಕೆ ಬರೆದುಬಿಟ್ಟಿದ್ದರು. 1929ರಲ್ಲಿ ಬ್ರಿಟಿಷ್ ಪುರಾತತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅಗೆದು ನೋಡಿ, ಇದು ಆಫ್ರಿಕನ್ನರದೇ ಕೆಲಸ ಎಂದ ಮೇಲೂ ಒಪ್ಪದವರಿದ್ದರು. ಈ ಭಾಗವನ್ನು ಮಕ್ಕಳೇ ನಾಟಕವಾಗಿ ಆಡುತ್ತಾರೆ. ಫಿನೀಷಿಯನ್ ಆಗಲು ಯಾರೂ ಒಪ್ಪುತ್ತಿಲ್ಲವೆಂಬುದು ಸದ್ಯದ ತೊಡಕು.

ಪ್ರತಿ ಮಗುವಿನೊಡನೆ ಒಂದು ಹಿಡಿ ರಾಗಿ ಅಥವಾ ಜೋಳ ಕಳುಹಿಸಿ. ಕಣದಲ್ಲಿ ಒಕ್ಕಣೆ ಮಾಡಿದ ಅಜ್ಜ, ಅಜ್ಜಿಯರು ಮನೆಯಲ್ಲಿದ್ದರೆ ಬೆಳಿಗ್ಗೆ 10ಕ್ಕೆ ಕರೆತನ್ನಿ, ಅವರಿಗೆ ಮುಂದಿನ ಸಾಲಿನ ಕುರ್ಚಿ. ಮಕ್ಕಳಿಗೆ ಹಳೆಯ ಬಟ್ಟೆಯೇ ಇರಲಿ. ಮಣ್ಣು ಇನ್ನೂ ಅರ್ಧ ಬುಟ್ಟಿ ಉಳಿದಿದೆ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ