ಶ್ರೀರಂಗಪಟ್ಟಣಕ್ಕೆ ಒಂದು ಗಂಟೆ ಸಾಲದು

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಕೊಡಗಿನ ಶಾಲೆಗಳಿಂದ ಮೈಸೂರಿನ ಕಡೆ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಪೋಷಕರ ಕೈಗೆ ಬರುವ ಚೀಟಿಯಲ್ಲಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕೆಆರ್‌ಎಸ್ ಎಲ್ಲವೂ ಇರುತ್ತವೆ. ನಡುವೆ ಎಲ್ಲೋ ‘ಶ್ರೀರಂಗಪಟ್ಟಣ - 1 ಗಂಟೆ’ ಎಂದು ತುರುಕಿರುತ್ತಾರೆ. ಆ ಒಂದು ಗಂಟೆಯಲ್ಲಿ ಬಸ್ಸು ರಂಗನಾಥನ ಗುಡಿಯ ಮುಂದೆ ನಿಲ್ಲುತ್ತದೆ, ಮಕ್ಕಳು ಸಾಲಾಗಿ ಒಳಗೆ ಹೋಗಿ ಬರುತ್ತಾರೆ, ಸೌತೆಕಾಯಿ ತಿಂದು ಮತ್ತೆ ಬಸ್ಸು ಹತ್ತುತ್ತಾರೆ. ತಾವು ನಿಂತಿದ್ದು ಒಂದು ದ್ವೀಪದ ಮೇಲೆ, ಸುತ್ತ ಹರಿಯುತ್ತಿದ್ದದ್ದು ತಲಕಾವೇರಿಯಿಂದ ಇಳಿದ ನೀರು ಎಂಬುದೇ ಅನೇಕರಿಗೆ ತಿಳಿಯುವುದಿಲ್ಲ. ಈ ಊರಿಗೆ ಇಡೀ ದಿನ ಕೊಡಿ, ಮೈಸೂರನ್ನು ಇನ್ನೊಂದು ವರ್ಷಕ್ಕೆ ಬಿಡಿ ಎಂದು ಕೇಳುವುದಕ್ಕೇ ಈ ಪತ್ರ. ದಿನವನ್ನು ಹೇಗೆ ಜೋಡಿಸಬೇಕು ಎಂಬುದನ್ನೂ ಬರೆಯುತ್ತಿದ್ದೇವೆ, ಯಾಕೆಂದರೆ ಪ್ರವಾಸ ಕೆಡುವುದು ಜೋಡಣೆಯಲ್ಲೇ.

ಮೊದಲು ದಾರಿ. ಮಡಿಕೇರಿ, ಕುಶಾಲನಗರದ ಕಡೆಯಿಂದ ಹೋಗುವವರು ಹುಣಸೂರು ದಾಟಿ ನೇರ ಮೈಸೂರಿಗೆ ನುಗ್ಗಿ, ಊರೊಳಗಿನ ಸಿಗ್ನಲ್‌ಗಳನ್ನೆಲ್ಲ ಎಣಿಸಿಕೊಂಡು ಆಚೆ ಬರುತ್ತಾರೆ. ಅದು ಬೇಕಿಲ್ಲ. ಇಲವಾಲದಲ್ಲೇ ಎಡಕ್ಕೆ ತಿರುಗಿ ಬೆಳಗೊಳ, ಪಾಲಹಳ್ಳಿ ಹಿಡಿದರೆ ಮೈಸೂರನ್ನು ಮುಟ್ಟದೆ ಶ್ರೀರಂಗಪಟ್ಟಣ ಸಿಗುತ್ತದೆ. ಬೆಂಗಳೂರಿನಿಂದ ಕೊಡಗಿಗೆ ಬರುವ ಕಾರಿನವರು ಬಹಳ ವರ್ಷಗಳಿಂದ ಬಳಸುವ ದಾರಿಯೇ ಇದು. ಹೀಗೆ ಹೋದರೆ ರಂಗನತಿಟ್ಟಿನ ಹಕ್ಕಿಧಾಮ ಮೊದಲು, ಕೋಟೆ ಆಮೇಲೆ, ದ್ವೀಪದ ಪೂರ್ವ ತುದಿಯ ಗಂಜಾಂ ಕೊನೆಗೆ ಸಿಗುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಗೆರೆ, ಹಿಂದೆ ಮುಂದೆ ಓಡಾಟವಿಲ್ಲ. ದ್ವೀಪದ ಉದ್ದ ಸುಮಾರು 5 ಕಿ.ಮೀ., ಅಗಲ ಒಂದೂವರೆ ಕಿ.ಮೀ. ಅಷ್ಟೇ ಜಾಗದಲ್ಲಿ ಬಸ್ಸು ಮೂರು ಸಲ ಅತ್ತಿತ್ತ ತಿರುಗಿತೆಂದರೆ ತಪ್ಪು ಚಾಲಕನದಲ್ಲ, ಪಟ್ಟಿ ಬರೆದವರದು.

ಸರ್ಕಾರಿ ಬಸ್ಸಿನಲ್ಲಿ ಹೋಗುವ ಕುಟುಂಬಗಳಿಗೆ ಒಂದು ಮಾತು. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಬೆಂಗಳೂರಿಗೆ ಹೋಗುವ ವೇಗದೂತ ಬಸ್ಸುಗಳಲ್ಲಿ ಹಲವು ಊರೊಳಗೆ ಬಾರದೆ ಬೈಪಾಸ್‌ನಲ್ಲೇ ಹೋಗಿಬಿಡುತ್ತವೆ. ‘ಬೆಂಗಳೂರು ಬಸ್ಸು ತಾನೇ, ನಡುವೆ ಇಳಿದರಾಯಿತು’ ಎಂದು ಹತ್ತಬೇಡಿ. ಮೈಸೂರಿನಲ್ಲಿ ಇಳಿದು ಶ್ರೀರಂಗಪಟ್ಟಣದ ನಗರ ಸಾರಿಗೆ ಬಸ್ಸನ್ನೋ ರೈಲನ್ನೋ ಹಿಡಿಯಿರಿ. ರೈಲು ನಿಲ್ದಾಣ ಗುಡಿಗೆ ಕಾಲ್ನಡಿಗೆಯ ದೂರದಲ್ಲಿದೆ. ರೈಲು ಹಳಿಯೇ ಇಲ್ಲದ ನಮ್ಮ ಜಿಲ್ಲೆಯ ಮಕ್ಕಳಿಗೆ ಕೋಟೆಯೊಳಗೇ ರೈಲು ಹಾಯುವುದನ್ನು ನೋಡುವುದು ಅರ್ಧ ಪ್ರವಾಸವಿದ್ದಂತೆ. ಆ ಹಳಿಯನ್ನು ಜೋಡಿ ಮಾಡುವಾಗ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯೊಂದನ್ನು ಒಡೆಯದೆ, ಇಡಿಯಾಗಿ ಎತ್ತಿ 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ವಿಜ್ಞಾನದ ಮೇಷ್ಟ್ರು ಜೊತೆಗಿದ್ದರೆ ಇದನ್ನು ಅವರಿಗೇ ಬಿಡಿ.

ಇನ್ನು ಬಾಗಿಲುಗಳ ಲೆಕ್ಕ. ರಂಗನಾಥನ ಗುಡಿ ಮಧ್ಯಾಹ್ನ ಒಂದೂವರೆ ಸುಮಾರಿಗೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಮೈಸೂರು ಅರಮನೆ ಮುಗಿಸಿ ಊಟ ಮಾಡಿ ಎರಡು ಗಂಟೆಗೆ ಬಂದ ಬಸ್ಸುಗಳು ಗೋಪುರದ ಕೆಳಗೆ ಬೆಪ್ಪಾಗಿ ನಿಲ್ಲುವುದು ಇದರಿಂದಲೇ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಸಂಜೆ ಐದಕ್ಕೆ ಮುಚ್ಚುತ್ತದೆ. ಆದ್ದರಿಂದ ಗುಡಿ ಬೆಳಿಗ್ಗೆಗೆ, ಬೇಸಿಗೆ ಅರಮನೆ ಊಟದ ನಂತರಕ್ಕೆ. ಮಡಿಕೇರಿಯಿಂದ ಐದೂವರೆಗೆ ಹೊರಟು, ಹುಣಸೂರಿನಲ್ಲಿ ತಿಂಡಿಗೆ ಅರ್ಧ ಗಂಟೆ ನಿಂತರೂ ಒಂಬತ್ತರ ಹೊತ್ತಿಗೆ ರಂಗನತಿಟ್ಟಿನಲ್ಲಿರಬಹುದು. ಸುಂಟಿಕೊಪ್ಪದವರೆಗೆ ಮಂಜು ಮುಸುಕಿದ್ದರೆ ಇನ್ನೂ ಕಾಲು ಗಂಟೆ ಸೇರಿಸಿಕೊಳ್ಳಿ.

ರಂಗನತಿಟ್ಟಿನ ದೋಣಿಗಳಿಗೆ ಪ್ರವೇಶದ ಟಿಕೆಟ್ ಅಲ್ಲದೆ ಬೇರೆ ಟಿಕೆಟ್ ಬೇಕು. 50 ಮಕ್ಕಳು ಒಂದೇ ದೋಣಿಯಲ್ಲಿ ಹಿಡಿಸುವುದಿಲ್ಲ. ಬಸ್ಸಿನಲ್ಲೇ ತಂಡ ಮಾಡಿ, ತಂಡಕ್ಕೊಬ್ಬ ಶಿಕ್ಷಕರನ್ನು ಗೊತ್ತು ಮಾಡಿ. ದಡದಲ್ಲಿ ನಿಂತು ತಂಡ ಮಾಡಲು ಹೊರಟರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ದಡದ ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವುದು ಗೊಂಬೆಯಲ್ಲ, ಮೊಸಳೆ, ಕೈ ನೀರಿಗಿಳಿಸಬಾರದು. ಇದು ಬರೀ ಹಕ್ಕಿಧಾಮವೂ ಅಲ್ಲ. ಮೈಸೂರಿನ ಅರಸರು 17ನೇ ಶತಮಾನದಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟಿದ್ದರಿಂದ ಮೂಡಿದ ತಿಟ್ಟುಗಳಿವು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ರಕ್ಷಿತ ತಾಣವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಹತ್ತೂವರೆಗೆ ಕೋಟೆ. ಬಸ್ಸನ್ನು ಗುಡಿಯ ಮುಂದೆ ಬಿಟ್ಟು ಇಳಿಯಿರಿ, ಚಾಲಕರಿಗೆ ಒಂದು ಗಂಟೆಗೆ ಜಾಮಿಯಾ ಮಸೀದಿಯ ಬಳಿ ಬರಲು ಹೇಳಿ. ನಡುವಿನದೆಲ್ಲ ಕಾಲ್ನಡಿಗೆ. ಮೊದಲು ಗುಡಿ. ಕಾವೇರಿಯ ಮೂರು ರಂಗರಲ್ಲಿ ಇವನು ಆದಿರಂಗ. ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ಶ್ರೀರಂಗದಲ್ಲಿ. ಅಲ್ಲಿಂದ ಕೋಟೆಯ ಪಶ್ಚಿಮ ಅಂಚಿನ ಸ್ಮಾರಕ ಸ್ತಂಭದವರೆಗೆ ಹೋಗಿ ಹೊಳೆಯನ್ನೊಮ್ಮೆ ನೋಡಿ. 1799ರ ಮೇ 4ರ ಮಧ್ಯಾಹ್ನ ಬ್ರಿಟಿಷರು ಹೊಳೆ ದಾಟಿ ನುಗ್ಗಿದ ಒಡಕು ಈ ಮೂಲೆಯಲ್ಲೇ ಇತ್ತು. ಮೇ ತಿಂಗಳು ಯಾಕೆ ಎಂದು ಮಕ್ಕಳನ್ನು ಕೇಳಿ, ಉತ್ತರ ಕೊಡಗಿನ ಮಕ್ಕಳಿಗೆ ಗೊತ್ತಿರಬೇಕು: ಜೂನ್‌ನಲ್ಲಿ ನಮ್ಮಲ್ಲಿ ಮುಂಗಾರು ಹಿಡಿದರೆ ಅಲ್ಲಿ ಕಾಲಿಟ್ಟು ದಾಟುವ ಮಾತೇ ಇಲ್ಲ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ದಳಪತಿ ಕಾರ್ನ್‌ವಾಲಿಸ್ ಈ ದ್ವೀಪದ ಹತ್ತಿರಕ್ಕೆ ಬಂದೂ ಹಿಂದಿರುಗಿದ. ಮಳೆ ಶುರುವಾಗಿತ್ತು, ದವಸ ಮುಗಿದಿತ್ತು, ಎತ್ತುಗಳು ಸಾಯುತ್ತಿದ್ದವು. ಕಲ್ಲಿನ ಕೋಟೆಗಿಂತ ಹೊಳೆಯೇ ಈ ಊರಿನ ದೊಡ್ಡ ಕಾವಲಾಗಿತ್ತು ಎನ್ನುವುದನ್ನು ಪಾಠದಲ್ಲಿ ಓದುವುದಕ್ಕಿಂತ ಆ ದಡದಲ್ಲಿ ನಿಂತು ಕೇಳಿದರೆ ಬೇಗ ಹತ್ತುತ್ತದೆ.

ಅಲ್ಲಿಂದ ಪೂರ್ವಕ್ಕೆ ಉತ್ತರದ ಗೋಡೆಯ ಪಕ್ಕ ಬೇಯ್ಲಿಯ ಸೆರೆಮನೆ, ನೀರಬಾಗಿಲು, ಟಿಪ್ಪು ಬಿದ್ದ ಜಾಗದ ಕಲ್ಲು. ಒಂದು ಉಪಾಯ ಹೇಳುತ್ತೇವೆ. ಯುದ್ಧದಲ್ಲಿ ಸೋತು ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಯ್ಲಿ ಎಂಬ ಈ ಒಬ್ಬ ಮನುಷ್ಯನನ್ನು ಹಿಡಿದುಕೊಂಡು ಇಡೀ ದ್ವೀಪ ಸುತ್ತಿಸಬಹುದು. ಗಾರೆಯ ಕಮಾನಿನ ಸೆರೆಮನೆಯಲ್ಲಿ, ಗೋಡೆಯಿಂದ ಚಾಚಿದ ಕಲ್ಲುಗಳಿಗೆ ಕೈದಿಗಳನ್ನು ಕಟ್ಟಲು ಕೊರೆದ ತೂತುಗಳನ್ನು ತೋರಿಸಿ. ಊಟವಾದ ಮೇಲೆ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ಅವನನ್ನೇ ಹುಡುಕಿಸಿ. ಸುತ್ತ ಚೌಕವಾಗಿ ನಿಂತ ಕೆಂಪಂಗಿಯ ಸೈನಿಕರು, ಸಿಡಿಯುತ್ತಿರುವ ಮದ್ದಿನ ಗಾಡಿ, ನಡುವೆ ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿ. ಮೂರು ಗಂಟೆಗೆ ಟಿಪ್ಪುವಿನ ಸಮಾಧಿಯಿರುವ ಗುಂಬಜ್‌ಗೆ ಹೋದಾಗ ಅದರ ಪಕ್ಕದಲ್ಲೇ ಅವನ ಸ್ಮಾರಕವಿದೆ. 1782ರಲ್ಲಿ ಸೆರೆಯಲ್ಲೇ ಸತ್ತವನಿಗೆ ನೆಂಟನೊಬ್ಬ 1816ರಲ್ಲಿ ಕಟ್ಟಿಸಿದ್ದು. ಸೋಲು, ಸೆರೆ, ಸಮಾಧಿ ಮೂರನ್ನೂ ಜೋಡಿಸುವ ಕೆಲಸವನ್ನು ಮಕ್ಕಳಿಗೇ ಕೊಟ್ಟರೆ ಗೈಡಿನ ಗಂಟಲು ಉಳಿಯುತ್ತದೆ.

ದರಿಯಾ ದೌಲತ್ 1784ರ ತೇಗದ ಅರಮನೆ, ಒಳಗೆ ಫೋಟೊ ತೆಗೆಯುವಂತಿಲ್ಲ. ಬಣ್ಣ ಕೆಡದಿರಲೆಂದು ಹೊರಗೆ ಪರದೆ ಇಳಿಬಿಟ್ಟಿರುವುದರಿಂದ ಬಿಸಿಲಿನಿಂದ ಬಂದವರಿಗೆ ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ಅಷ್ಟರಲ್ಲೇ ಮುಂದಿನವರು ತಳ್ಳಿಕೊಂಡು ಹೋಗಿಬಿಡುತ್ತಾರೆ. ಕಣ್ಣು ಹೊಂದಿಕೊಳ್ಳುವವರೆಗೆ ಗೋಡೆಯ ಮುಂದೆ ನಿಲ್ಲಿಸಿ. ಪುರಾತತ್ವ ಇಲಾಖೆಯ ತಾಣಗಳಲ್ಲಿ 15 ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಹತ್ತನೇ ತರಗತಿಯಲ್ಲಿ ಕೆಲವರಿಗೆ ಅಷ್ಟು ತುಂಬಿರುತ್ತದೆ, ಆದ್ದರಿಂದ ಶಾಲೆಯ ಪತ್ರದ ಜೊತೆ ಹುಟ್ಟಿದ ದಿನಾಂಕ ಬರೆದ ಪಟ್ಟಿ ಒಯ್ದರೆ ಕೌಂಟರಿನಲ್ಲಿ ವಾದ ಉಳಿಯುತ್ತದೆ.

ಚಿಕ್ಕದೆನಿಸಿದರೂ ದಿನ ಕೆಡಿಸುವುದು ಚಪ್ಪಲಿ. ಗುಡಿ, ಗುಂಬಜ್, ನಿಮಿಷಾಂಬ ದೇವಸ್ಥಾನ ಹೀಗೆ ಮೂರು ಕಡೆ ಬಿಡಬೇಕು. ಲೇಸಿನ ಶೂ ಹಾಕಿದ 50 ಮಕ್ಕಳು ಬಿಚ್ಚಿ ಹಾಕಿಕೊಳ್ಳಲು ಪ್ರತಿ ಸಲ ಹತ್ತು ನಿಮಿಷವೆಂದರೂ ಅರ್ಧ ಗಂಟೆ ಲೇಸಿಗೇ ಹೋಯಿತು. ಸಮವಸ್ತ್ರದ ಶಿಸ್ತು ಒಂದು ದಿನ ಸಡಿಲವಾಗಲಿ, ಚಪ್ಪಲಿ ಹಾಕಿಸಿ. ಗುಂಬಜ್‌ನ ಜಗಲಿಯ ಕಲ್ಲು ಮಧ್ಯಾಹ್ನ ಅಂಗಾಲು ಸುಡುತ್ತದೆ, ಜೇಬಿನಲ್ಲೊಂದು ಜೊತೆ ಕಾಲುಚೀಲ ಇರಲಿ. ಕುಡಿಯುವ ನೀರು 20 ಲೀಟರಿನ ಮೂರು ಕ್ಯಾನ್ ಬಸ್ಸಿನಲ್ಲೇ ಇದ್ದರೆ 50 ಜನಕ್ಕೆ ತಲೆಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ನಮ್ಮ ಚಳಿಗೆ ಸ್ವೆಟರ್ ಹಾಕಿ ಹೊರಟವರಿಗೆ ಅಲ್ಲಿನ ಹನ್ನೆರಡರ ಬಿಸಿಲಿಗೆ ಅಷ್ಟೂ ಬೇಕು.

ಶುಕ್ರವಾರ ಬೇಡ. ಮಸೀದಿಯಲ್ಲಿ ಮಧ್ಯಾಹ್ನದ ನಮಾಜು, ನಿಮಿಷಾಂಬದಲ್ಲಿ ಜನಜಾತ್ರೆ. ಅಮಾವಾಸ್ಯೆಯಂದು ಹೊಳೆಯ ಕವಲುಗಳು ಕೂಡುವ ಸಂಗಮದಲ್ಲಿ ಪಿತೃಕಾರ್ಯದವರೇ ತುಂಬಿರುತ್ತಾರೆ. ವೈಕುಂಠ ಏಕಾದಶಿ, ಸಂಕ್ರಾಂತಿಯ ದೀಪೋತ್ಸವ, ರಥಸಪ್ತಮಿಯ ತೇರು, ಡಿಸೆಂಬರಿನಲ್ಲಿ ಹನುಮ ಜಯಂತಿಯ ಯಾತ್ರೆ ಇವುಗಳ ದಿನ ಊರೊಳಗೆ ಬಸ್ಸು ನಿಲ್ಲಿಸಲೂ ಜಾಗ ಸಿಗದು. ಕ್ಯಾಲೆಂಡರ್ ನೋಡಿ ದಿನ ಹಿಡಿಯಿರಿ.

ನಮ್ಮ ಮಕ್ಕಳಿಗೆ ಈ ದ್ವೀಪದ ಕಥೆ ಮಂಡ್ಯದ ಮಕ್ಕಳಿಗೆ ಹೇಳಿದಂತೆಯೇ ಹೇಳಿದರೆ ಸಾಲದು. 1785ರಲ್ಲಿ ಟಿಪ್ಪುವಿಗೆ ಸೆರೆಸಿಕ್ಕ ಕೊಡವರನ್ನು ಕುಟುಂಬ ಸಮೇತ ಸಾಗಿಸಿದ್ದು ಇಲ್ಲಿಗೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡದ್ದು ದಾರಿಯಲ್ಲೇ ಸಿಗುವ ಪಿರಿಯಾಪಟ್ಟಣದಿಂದ. 1799ರ ಮಾರ್ಚ್ 6ರಂದು ಸಿದ್ದೇಶ್ವರದಲ್ಲಿ ಟಿಪ್ಪುವಿನ ಸೈನ್ಯ ಹಿಮ್ಮೆಟ್ಟಿದ್ದು ನಮ್ಮ ಗಡಿಯಲ್ಲಿ. ಗೈಡುಗಳು ಇದನ್ನು ಹೇಳುವುದು ಅಪರೂಪ. ಗುಂಬಜ್‌ನಲ್ಲಿ ಪ್ರಾರ್ಥನೆಗೆ ಬಂದವರ ನಡುವೆ ನಿಂತು ಎತ್ತುವ ಮಾತೂ ಇದಲ್ಲ. ಬೆಳಿಗ್ಗೆ ಪಿರಿಯಾಪಟ್ಟಣ ದಾಟುವಾಗ, ಮಕ್ಕಳು ಎಚ್ಚರವಿದ್ದರೆ, ಬಸ್ಸಿನಲ್ಲೇ ಹೇಳಿ.

ನಾಲ್ಕಕ್ಕೆ ಸಂಗಮ, ಇಪ್ಪತ್ತು ನಿಮಿಷ ಸಾಕು. ನೋಡಬಹುದು, ಇಳಿಯಬಾರದು. ಬಂಡೆ ಪಾಚಿ ಹಿಡಿದಿರುತ್ತದೆ, ಮಂಡಿಯುದ್ದ ನೀರಿನಿಂದ ಒಂದು ಹೆಜ್ಜೆಗೆ ಆಳ ಸಿಗುತ್ತದೆ. ಬಲಮುರಿ, ಎಡಮುರಿಯನ್ನಂತೂ ಶಾಲೆಯ ಪಟ್ಟಿಯಿಂದ ಹೊಡೆದು ಹಾಕಿ. ತೆಳ್ಳಗೆ ಹರಿಯುವ ನೀರಿನಡಿಯ ಸುಳಿ ನಮ್ಮ ತೊರೆಗಳಲ್ಲಿ ಆಡಿ ಬೆಳೆದವರನ್ನೂ ಬಿಡುವುದಿಲ್ಲ. ಕರಿಘಟ್ಟದ ಮೆಟ್ಟಿಲು ಒಳ್ಳೆಯದೇ, ಆದರೆ ಇದೇ ದಿನಕ್ಕೆ ಸೇರಿಸಬೇಡಿ. ದಕ್ಷಿಣ ಕೊಡಗಿನವರು ನಿಮಿಷಾಂಬವನ್ನೂ ಬಿಟ್ಟು ನಾಲ್ಕೂವರೆಗೆ ಹೊರಡುವುದು ಮೇಲು. ತಿತಿಮತಿಯ ಕಾಡುದಾರಿಯಲ್ಲಿ ಕತ್ತಲಾದರೆ ಆನೆ ಅಡ್ಡ ಬರುವುದುಂಟು, ಕುಟ್ಟದವರ ನಾಗರಹೊಳೆ ದಾರಿ ಸಂಜೆ ಆರಕ್ಕೇ ಮುಚ್ಚುತ್ತದೆ.

ಮಳೆಗಾಲದ ರಜೆಯಲ್ಲಿ ಹೋಗುವ ಕುಟುಂಬಗಳಿಗೆ ಬೇರೆಯೇ ಲೆಕ್ಕವಿದೆ. ಕೆಆರ್‌ಎಸ್ ತುಂಬುವುದು 124.80 ಅಡಿಗೆ. ಅದಕ್ಕೆ ಎರಡು ಮೂರು ಅಡಿ ಕಡಿಮೆ ಇದ್ದು, ಭಾಗಮಂಡಲದಲ್ಲಿ ಜೋರು ಮಳೆಯಾಗುತ್ತಿದ್ದರೆ ಗೇಟು ತೆರೆಯುವ ದಿನ ದೂರವಿಲ್ಲ ಎಂದುಕೊಳ್ಳಿ. ಗೇಟು ತೆರೆದರೆ ರಂಗನತಿಟ್ಟಿನ ದೋಣಿ ನಿಲ್ಲುತ್ತದೆ, ಸಂಗಮದ ಮೆಟ್ಟಿಲು ಮುಳುಗುತ್ತದೆ, ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆಯತ್ತಲೂ ಬಿಡುವುದಿಲ್ಲ. ಅಣೆಕಟ್ಟು ತುಂಬದ ದಿನಗಳಲ್ಲಿ ನಮ್ಮಲ್ಲಿ ಎಷ್ಟೇ ಸುರಿದರೂ ಅಲ್ಲಿ ಹೊಳೆ ಸುಮ್ಮನಿರುತ್ತದೆ. ಹಾಗಾಗಿ ನಮ್ಮ ಮನೆಯ ಮುಂದಿನ ಮಳೆ ನೋಡಿ ಪ್ರವಾಸ ರದ್ದು ಮಾಡುವುದೂ ತಪ್ಪು, ಅಲ್ಲಿನ ಬಿಸಿಲು ನೋಡಿ ಧೈರ್ಯ ಮಾಡುವುದೂ ತಪ್ಪು. ನೋಡಬೇಕಾದ್ದು ಹೊರಹರಿವಿನ ಅಂಕಿಯನ್ನು.

ತಮ್ಮ ಕೊಡಗು ಪುಟದಲ್ಲಿ ಹಾರಂಗಿಯ ಮಟ್ಟ ಮಳೆಗಾಲದುದ್ದಕ್ಕೂ ಬರುತ್ತದೆ. ಅದರ ಕೆಳಗೆ ಕೆಆರ್‌ಎಸ್‌ನ ಮಟ್ಟ ಮತ್ತು ಹೊರಹರಿವು ಎರಡು ಸಾಲು ಸೇರಿಸಿದರೆ, ಮರುದಿನ ಬಸ್ಸು ಹೊರಡಿಸಬೇಕೋ ಬೇಡವೋ ಎಂದು ರಾತ್ರಿಯೇ ತೀರ್ಮಾನಿಸಬಹುದು. ದಯವಿಟ್ಟು ಪರಿಶೀಲಿಸಬೇಕು.

ಇಂತಿ,
ಶಾಲಾ ಪ್ರವಾಸದ ಹೊಣೆ ಹೊರುವ ಸಮಾಜ ವಿಜ್ಞಾನ ಶಿಕ್ಷಕರು
ಮಡಿಕೇರಿ ಮತ್ತು ಗೋಣಿಕೊಪ್ಪ